ಅಂಗಳದ ಹಿಮ ಎತ್ತುವವರು ಯಾರು?

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯ ಹತ್ತಿರಕ್ಕೂ ಈ ಊರು ಸುಳಿದಿಲ್ಲ. ಯಲಹಂಕ, ಹೆಬ್ಬಾಳದ ಕಡೆ ಡಿಸೆಂಬರ್-ಜನವರಿಯ ಬೆಳಗಿನಲ್ಲಿ ಮಂಜು ಕವಿಯುತ್ತದೆ, ವಿಮಾನಗಳು ತಡವಾಗುತ್ತವೆ, ಬೇಸಿಗೆಯ ಮೊದಲ ಮಳೆಯಲ್ಲಿ ಒಮ್ಮೊಮ್ಮೆ ಆಲಿಕಲ್ಲು ಬೀಳುತ್ತದೆ. ಇಷ್ಟೇ ಇಲ್ಲಿಯವರ ಹಿಮದ ಅನುಭವ. ಅದಕ್ಕೆ ತಕ್ಕಂತೆ ಆಡುಮಾತಿನಲ್ಲಿ ಹುಲ್ಲಿನ ಮೇಲಿನ ಹನಿಗೆ ಇಬ್ಬನಿ, ಕಣ್ಣಿಗೆ ಕವಿಯುವುದಕ್ಕೆ ಮಂಜು, ಆಕಾಶದಿಂದ ಬೀಳುವ ಗಡ್ಡೆಗೆ ಆಲಿಕಲ್ಲು ಎಂಬ ಮಾತುಗಳಿವೆ. ಹತ್ತಿಯ ಹಾಗೆ ಸದ್ದಿಲ್ಲದೆ ಉದುರಿ ಮೊಳಕಾಲುದ್ದ ಕೂರುವ ಹಿಮಕ್ಕೆ ಮಾತ್ರ ಸಂಸ್ಕೃತದಿಂದ ಬಂದ ‘ಹಿಮ’ವನ್ನೇ ಬಳಸಬೇಕು.

ಹೀಗಿದ್ದರೂ ಇಂದು ಆರ್.ಟಿ. ನಗರದಲ್ಲೋ ಯಶವಂತಪುರದಲ್ಲೋ ಬೆಳಗಿನ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕುಳಿತ ಹಿರಿಯರ ಮಾತಿಗೆ ಕಿವಿಗೊಟ್ಟರೆ, ಬಾಸ್ಟನ್ನಿನಲ್ಲಿ ಎಷ್ಟು ಅಂಗುಲ ಹಿಮ ಬಿತ್ತು, ಮಗ ಎಷ್ಟು ಹೊತ್ತಿಗೆ ಎದ್ದು ‘ಸ್ನೋ’ ಎತ್ತಿದ ಎಂಬ ವಿವರಗಳು ಕೇಳಿಬರುವುದುಂಟು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಿಸಿ, ದೇಶವಾರು ಕೋಟಾ ಪದ್ಧತಿಯನ್ನು ಕೈಬಿಟ್ಟ ಮೇಲೆ ಕರ್ನಾಟಕದ ವೈದ್ಯರು, ಎಂಜಿನಿಯರುಗಳು, ಆಮೇಲೆ ಸಾಫ್ಟ್‌ವೇರ್ ಉದ್ಯೋಗಿಗಳು ಅಲ್ಲಿಗೆ ಹೋಗಿ ನೆಲೆಸಿದರು. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್ ಸೀಮೆಯ ಪಂಪ ಕನ್ನಡ ಕೂಟ, ಬಾಸ್ಟನ್ ಸುತ್ತಿನ ಮಂದಾರ ಇವೆಲ್ಲ ಹುಟ್ಟಿಕೊಂಡದ್ದು ಚಳಿಗಾಲದಲ್ಲಿ ನೆಲ ಕಾಣದ ಪ್ರದೇಶಗಳಲ್ಲಿಯೇ.

ಅಪ್ಪ-ಅಮ್ಮಂದಿರು ಮಕ್ಕಳ ಮನೆಗೆ ಹೋಗುವುದಾದರೆ ಸಾಮಾನ್ಯವಾಗಿ ಬೇಸಿಗೆಯನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಬಾಣಂತನಕ್ಕೆ ಋತುವಿನ ಹಂಗಿಲ್ಲ. ಮಗಳಿಗೋ ಸೊಸೆಗೋ ಜನವರಿಯಲ್ಲಿ ಹೆರಿಗೆ ಎಂದಾದರೆ, ಬಾಣಂತಿ ಲೇಹ್ಯ ಮತ್ತು ಮೆಣಸಿನ ಪುಡಿಯ ಡಬ್ಬಗಳೊಂದಿಗೆ ದೇವನಹಳ್ಳಿಯ ವಿಮಾನನಿಲ್ದಾಣದಿಂದ ಹೊರಟ ದಂಪತಿ ಇಳಿಯುವುದು ಬಿಳಿಯ ಲೋಕಕ್ಕೆ. ಮರುದಿನ ಬೆಳಿಗ್ಗೆ ಅವರು ಕಾಣುವ ಮೊದಲ ದೃಶ್ಯ, ಮಗನೋ ಅಳಿಯನೋ ಒಂದು ಗುಡುಗುಡು ಯಂತ್ರವನ್ನು ಮನೆಯ ಮುಂದೆ ತಳ್ಳಿಕೊಂಡು ಹೋಗುತ್ತಿರುವುದು, ಅದರ ಕೊಕ್ಕಿನಿಂದ ಹಿಮ ಕಾರಂಜಿಯಂತೆ ಚಿಮ್ಮಿ ಪಕ್ಕದ ಹುಲ್ಲುಹಾಸಿನ ಮೇಲೆ ಬೀಳುತ್ತಿರುವುದು. ಇದೇ ಸ್ನೋ ಬ್ಲೋವರ್. ಕನ್ನಡದಲ್ಲಿ ಹಿಮ ತೂರುವ ಯಂತ್ರ ಎನ್ನಬಹುದು. ‘ತೂರುವ’ ಎಂಬ ಮಾತು ಇಲ್ಲಿ ಹೇಗೆ ಸಲ್ಲುತ್ತದೆ ಎಂಬುದು ಅದರ ಚರಿತ್ರೆಯಿಂದಲೇ ತಿಳಿಯುತ್ತದೆ.

ಹಗುರವಾದುದರ ಭಾರ

ಮೊದಲು ಈ ಯಂತ್ರ ಏಕೆ ಬೇಕಾಯಿತು ಎಂಬುದನ್ನು ನೋಡೋಣ. ಅಲ್ಲಿನ ಉಪನಗರಗಳಲ್ಲಿ ಮನೆ ರಸ್ತೆಗೆ ಅಂಟಿಕೊಂಡಿರುವುದಿಲ್ಲ. ರಸ್ತೆಯಿಂದ ಗ್ಯಾರೇಜಿನವರೆಗೆ ಕಾರು ಬರಲು ಡಾಂಬರಿನ ಒಂದು ಹಾದಿ ಇರುತ್ತದೆ. ಅದೇ ಡ್ರೈವ್‌ವೇ. ಎರಡು ಕಾರು ಅಕ್ಕಪಕ್ಕ ನಿಲ್ಲುವಂಥ ಸಾಧಾರಣ ಡ್ರೈವ್‌ವೇ ಎಂದರೆ ಬೆಂಗಳೂರಿನವರ ಲೆಕ್ಕದಲ್ಲಿ ಒಂದು 20-30 ಸೈಟಿನಷ್ಟು, ಅಂದರೆ 600 ಚದರ ಅಡಿ.

ಅದರ ಮೇಲೆ ಒಂದು ಅಡಿ ಹಿಮ ಬಿತ್ತೆನ್ನಿ. ಒಟ್ಟು 600 ಘನ ಅಡಿ, ಅಂದರೆ ಸುಮಾರು 17 ಘನ ಮೀಟರು. ಆಗತಾನೆ ಬಿದ್ದ ಒಣ ಹಿಮದ ತೂಕ ನೀರಿನ ಹತ್ತನೇ ಒಂದು ಭಾಗದಷ್ಟು. ಆ ಲೆಕ್ಕದಲ್ಲಿ ಅಂಗಳದಲ್ಲಿ ಕುಳಿತಿರುವುದು ಸುಮಾರು 1,700 ಕಿಲೋ ಹಿಮ. ಅದೇ ಹಿಮ ಒದ್ದೆಯಾಗಿದ್ದರೆ ತೂಕ ಮೂರು ಪಟ್ಟಾಗುವುದು ಅಪರೂಪವೇನಲ್ಲ. ಆಗ ಐದು ಟನ್ ದಾಟುತ್ತದೆ. ಸಲಿಕೆಯಲ್ಲಿ ಒಂದು ಬಾರಿಗೆ ಐದು ಕಿಲೋ ಎತ್ತಿದರೂ ಸಾವಿರ ಸಲ ಬಗ್ಗಿ ಏಳಬೇಕು. ಅದೂ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಕೆಲಸಕ್ಕೆ ಹೊರಡುವ ಮುನ್ನ.

ಬಾಸ್ಟನ್ ನಗರದಲ್ಲಿ 2014-15ರ ಚಳಿಗಾಲದಲ್ಲಿ ಬಿದ್ದ ಹಿಮ ಒಟ್ಟು 110.6 ಅಂಗುಲ. ಅದು ಆ ನಗರದ ದಾಖಲೆ. ಒಂಬತ್ತು ಅಡಿಗೂ ಹೆಚ್ಚಿನ ಆ ರಾಶಿಯನ್ನು ಪ್ರತಿ ಮನೆಯವರೂ ತಮ್ಮ ತಮ್ಮ ಬಾಗಿಲಿನಿಂದ ಕಂತುಕಂತಾಗಿ ಎತ್ತಿ ಹಾಕಬೇಕಾಯಿತು.

ಹಾಗೆಯೇ ಬಿಟ್ಟರೇನು, ಕರಗುವುದಿಲ್ಲವೇ ಎಂಬ ಪ್ರಶ್ನೆ ಬೆಂಗಳೂರಿನಿಂದ ಹೋದವರಿಗೆ ಸಹಜ. ಕರಗುತ್ತದೆ, ಆದರೆ ನಿಧಾನವಾಗಿ. ಹಗಲು ಬಿಸಿಲಿಗೆ ಮೇಲ್ಪದರ ನೀರಾಗಿ, ರಾತ್ರಿ ಅದೇ ನೀರು ಗಡ್ಡೆಯಾಗುತ್ತದೆ. ಎರಡು ದಿನ ಬಿಟ್ಟರೆ ಸಲಿಕೆಗೂ ಬಗ್ಗದ ಗಾಜಿನಂಥ ನೆಲ. ಅದರ ಮೇಲೆ ಕಾಲಿಟ್ಟವರು ಬೀಳುವುದು ಖಚಿತ. ಆದ್ದರಿಂದ ಹಿಮ ಬಿದ್ದ ದಿನವೇ ಎತ್ತಬೇಕು, ಎತ್ತಿದ ಮೇಲೆ ಉಪ್ಪು ಚೆಲ್ಲಬೇಕು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ ಎಂಬ ಶಾಲೆಯ ಪಾಠ ಅಲ್ಲಿ ದಿನಬಳಕೆಯ ವಿದ್ಯೆ. ಚಳಿ ತೀರಾ ಹೆಚ್ಚಾದರೆ ಮಾತ್ರ ಸಾಧಾರಣ ಉಪ್ಪೂ ಸೋಲುತ್ತದೆ.

ಹಲ್ಲಿನ ವೈದ್ಯನ ಚಕ್ರ

ಹತ್ತೊಂಬತ್ತನೇ ಶತಮಾನದ ನಗರಗಳು ಹಿಮವನ್ನು ಎದುರಿಸಿದ್ದು ಮನುಷ್ಯರಿಂದ ಮತ್ತು ಕುದುರೆಗಳಿಂದ. ಮರದ ನೇಗಿಲಿನಂಥ ಹಲಗೆಯನ್ನು ಕುದುರೆಗೆ ಕಟ್ಟಿ ಹಿಮವನ್ನು ಪಕ್ಕಕ್ಕೆ ಸರಿಸುತ್ತಿದ್ದರು. ದೊಡ್ಡ ಹಿಮ ಬಿದ್ದಾಗ ಕೂಲಿಗಳು ಸಲಿಕೆ ಹಿಡಿಯುತ್ತಿದ್ದರು. ಕುದುರೆಯಿಲ್ಲದವರು ಬೀದಿಯ ಹಿಮವನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ನಡೆದು ಹೋಗುವ ಕಾಲ. ಕಾಲ್ದಾರಿ ಬಿಡಿಸಿಕೊಂಡರೆ ಸಾಕಾಗಿತ್ತು.

ಈ ವ್ಯವಸ್ಥೆಯ ದೌರ್ಬಲ್ಯ ಬಯಲಾದದ್ದು 1888ರ ಮಾರ್ಚ್ 11ರಿಂದ 14ರವರೆಗೆ. ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿದ ಹಿಮಬಿರುಗಾಳಿಗೆ 400ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಸುಮಾರು 200 ಮಂದಿ ನ್ಯೂಯಾರ್ಕ್ ನಗರದವರು. ರೈಲುಗಳು ಹಳಿಯ ಮೇಲೆಯೇ ಹೂತುಹೋದವು. ತಂತಿ ಕಂಬಗಳು ಉರುಳಿದವು. ತಂತಿಗಳನ್ನು ನೆಲದಡಿಗೆ ಇಳಿಸಬೇಕು, ರೈಲನ್ನೂ ನೆಲದಡಿಗೆ ತರಬೇಕು ಎಂಬ ಮಾತಿಗೆ ಬಲ ಬಂದದ್ದು ಆಗ. ಬಾಸ್ಟನ್ನಿನ ಸುರಂಗ ರೈಲು 1897ರಲ್ಲಿ, ನ್ಯೂಯಾರ್ಕಿನದು 1904ರಲ್ಲಿ ಆರಂಭವಾದವು.

ಹಿಮವನ್ನು ಯಂತ್ರದಿಂದ ಎಸೆಯುವ ಯೋಚನೆ ಅದಕ್ಕೂ ಹಳೆಯದು. ಅದು ಹೊಳೆದದ್ದು ಕೆನಡಾದ ಟೊರಾಂಟೊ ನಗರದ ಒಬ್ಬ ದಂತವೈದ್ಯನಿಗೆ ಎಂಬುದು ಸ್ವಾರಸ್ಯ. ಜೆ.ಡಬ್ಲ್ಯು. ಎಲಿಯಟ್ ಎಂಬ ಆತ 1869ರಲ್ಲಿ ರೈಲ್ವೆಗಾಗಿ ತಿರುಗುವ ಹಿಮನೇಗಿಲಿಗೆ ಪೇಟೆಂಟ್ ಪಡೆದ. ಹಿಮವನ್ನು ತಳ್ಳುವ ಬದಲು ಚಕ್ರದ ಅಲಗುಗಳಿಂದ ಕತ್ತರಿಸಿ ದೂರ ಎಸೆಯಬೇಕು ಎಂಬುದು ಅವನ ಕಲ್ಪನೆ. ಆದರೆ ಅವನು ಯಂತ್ರವನ್ನು ಕಟ್ಟಲಿಲ್ಲ. ಆ ಕಲ್ಪನೆಯನ್ನು ಬೆಳೆಸಿದವನು ಒಂಟಾರಿಯೊ ಪ್ರಾಂತದ ಆರೆಂಜ್‌ವಿಲ್ ಊರಿನ ಆರೆಂಜ್ ಜಲ್. ಅವನ ವಿನ್ಯಾಸವನ್ನು ಲೆಸ್ಲಿ ಸೋದರರು 1883-84ರ ಚಳಿಗಾಲದಲ್ಲಿ ಕಟ್ಟಿ ಪರೀಕ್ಷಿಸಿದರು. ಉಗಿ ಎಂಜಿನ್ನಿನಿಂದ ತಿರುಗುವ ಆಳೆತ್ತರದ ಚಕ್ರವನ್ನು ಮುಂದಿಟ್ಟುಕೊಂಡು, ಹಿಂದಿನಿಂದ ಬೇರೆ ಎಂಜಿನ್ನುಗಳು ತಳ್ಳಿದರೆ, ಹಿಮದ ಗೋಡೆಯನ್ನು ಕೊರೆಯುತ್ತ ಅದು ಸಾಗುತ್ತಿತ್ತು. ಉತ್ತರ ಅಮೆರಿಕದ ಬೆಟ್ಟಸಾಲಿನ ರೈಲುಮಾರ್ಗಗಳನ್ನು ಚಳಿಗಾಲದಲ್ಲಿ ತೆರೆದಿಟ್ಟಿದ್ದರಲ್ಲಿ ಈ ಯಂತ್ರದ ಪಾಲು ದೊಡ್ಡದು.

ಒಕ್ಕಣೆಯ ಕಣದಿಂದ ಬೀದಿಗೆ

ರಸ್ತೆಗೆ ಇಳಿಯುವಂಥ ಯಂತ್ರವನ್ನು ಮಾಡಿದ ಕೀರ್ತಿ ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್‌ನದು. 1876ರಲ್ಲಿ ಹುಟ್ಟಿದ ಸಿಕಾರ್ ಹೈನುಗಾರಿಕೆಯ ಮನೆತನದವನು. ಚಳಿಗಾಲದಲ್ಲಿ ರಸ್ತೆ ಮುಚ್ಚಿದರೆ ಹಾಲು ಪೇಟೆ ತಲುಪುತ್ತಿರಲಿಲ್ಲ. ಹದಿನೆಂಟರ ಹರೆಯದಲ್ಲಿ ಹೊಲವೊಂದರಲ್ಲಿ ಒಕ್ಕಣೆ ಯಂತ್ರ ಕೆಲಸ ಮಾಡುವುದನ್ನು ಆತ ಕಂಡ. ತಿರುಗುವ ಅಲಗುಗಳು ತೆನೆಯನ್ನು ಒಳಗೆಳೆದುಕೊಂಡು ಹುಲ್ಲನ್ನು ಇನ್ನೊಂದು ಕಡೆ ಎಸೆಯುತ್ತಿದ್ದವು. ಹಿಮವನ್ನೂ ಹೀಗೆಯೇ ನುಂಗಿ ಎಸೆದರೇನು ಎಂದು ಅವನಿಗೆ ಅನ್ನಿಸಿತು.

ರಾಗಿ ಕಣದಲ್ಲಿ ಮೊರ ಎತ್ತಿ ಹಿಡಿದು ಗಾಳಿಗೆ ತೂರಿದಾಗ ಹೊಟ್ಟು ದೂರ ಹಾರಿ ಬೀಳುವುದನ್ನು ಯಲಹಂಕದ ಹಳೆಯ ರೈತ ಕುಟುಂಬಗಳು ಬಲ್ಲವು. ಆ ತೂರುವ ಕೆಲಸದ ಸೋದರಿಕೆಯೇ ಈ ಯಂತ್ರಕ್ಕೂ ಇದೆ. ಆದರೆ ಆ ಯೋಚನೆ ಕೈಗೂಡಲು ಸಿಕಾರ್‌ಗೆ ಮೂವತ್ತು ವರ್ಷ ಹಿಡಿಯಿತು. ಹಿಮ ತೆನೆಯಂತೆ ಹಗುರವಲ್ಲ, ಅಂಟುತ್ತದೆ, ಗಂಟಲು ಕಟ್ಟುತ್ತದೆ. ಕೊನೆಗೆ 1925ರಲ್ಲಿ ಟ್ರಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ ಯಂತ್ರ ಸಿದ್ಧವಾಯಿತು. ಅದು ಹಿಮವನ್ನು 90 ಅಡಿ ದೂರಕ್ಕೆ ಎಸೆಯಬಲ್ಲದಾಗಿತ್ತು. ಬೇಕಾದರೆ ಪಕ್ಕದ ಲಾರಿಗೇ ತುಂಬಿಸಬಹುದಾಗಿತ್ತು. 1927ರಲ್ಲಿ ಮಾಂಟ್ರಿಯಲ್ ಮಗ್ಗುಲಿನ ಊಟ್ರಮಾಂ ಪಟ್ಟಣ ಅದನ್ನು ಕೊಂಡಿತು. ಸಿಕಾರ್ 1946ರಲ್ಲಿ ತೀರಿಕೊಂಡ.

ಇದೇ ತತ್ವದ ಯಂತ್ರಗಳು ಇಂದು ಭಾರತದಲ್ಲೂ ಇವೆ. 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಘಟನೆಯವರು ಜೋಜಿ ಲಾ, ರೋಹ್ತಂಗ್‌ನಂಥ ಕಣಿವೆಮಾರ್ಗಗಳಲ್ಲಿ ವಸಂತಕಾಲ ಬಂದೊಡನೆ ಹಿಮದ ಗೋಡೆಗಳನ್ನು ಕೊರೆದು ದಾರಿ ಬಿಡಿಸುವುದು ಇಂಥ ತಿರುಗುವ ಅಲಗಿನ ಯಂತ್ರಗಳಿಂದ ಮತ್ತು ಡೋಜರ್‌ಗಳಿಂದ. ಅಲ್ಲಿ ಆ ಕೆಲಸ ಸರ್ಕಾರದ್ದು. ಮಗನ ಮನೆಯ ಅಂಗಳದಲ್ಲಿ ಅದು ಮಗನದು. ವ್ಯತ್ಯಾಸ ಬಂದದ್ದು ಎಲ್ಲಿ?

ಮನೆಗೊಂದು ಪಾಲಿಕೆ

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಉಪನಗರಗಳು ಹಬ್ಬಿದವು. ಮನೆಗೊಂದು ಕಾರು, ಕಾರಿಗೊಂದು ಗ್ಯಾರೇಜು, ಗ್ಯಾರೇಜಿಗೊಂದು ಡ್ರೈವ್‌ವೇ ಬಂದವು. ಬಸ್ಸು ಟ್ರಾಮುಗಳಿಲ್ಲದ ಆ ಬಡಾವಣೆಗಳಲ್ಲಿ ಕಾರು ಹೊರಬರದಿದ್ದರೆ ಕೆಲಸವಿಲ್ಲ, ಹಾಲಿಲ್ಲ, ಆಸ್ಪತ್ರೆಯೂ ಇಲ್ಲ. ನಗರಾಡಳಿತ ತೆರವು ಮಾಡುವುದು ರಸ್ತೆಯನ್ನು. ರಸ್ತೆಯಿಂದ ಮನೆಯವರೆಗಿನ ಹಾದಿ ಮನೆಯವರ ತಲೆನೋವಾಯಿತು.

ಈ ಅವಕಾಶವನ್ನು ಕಂಡವರು ಹುಲ್ಲು ಕತ್ತರಿಸುವ ಮತ್ತು ತೋಟದ ಯಂತ್ರಗಳ ತಯಾರಕರು. ಬೇಸಿಗೆಯಲ್ಲಿ ಮಾತ್ರ ವ್ಯಾಪಾರವಿದ್ದ ಅವರಿಗೆ ಚಳಿಗಾಲಕ್ಕೊಂದು ಸರಕು ಬೇಕಿತ್ತು. ಮಿನ್ನೆಸೋಟ ರಾಜ್ಯದ ಟೋರೊ ಕಂಪನಿ 1950ರ ದಶಕದ ಆರಂಭದಲ್ಲಿ, ವಿಸ್ಕಾನ್ಸಿನ್ನಿನ ಏರಿಯನ್ಸ್ ಕಂಪನಿ 1960ರಲ್ಲಿ, ಒಬ್ಬರು ಹಿಂದೆ ನಿಂತು ನಡೆಸಬಹುದಾದ ಚಿಕ್ಕ ಯಂತ್ರಗಳನ್ನು ಮಾರುಕಟ್ಟೆಗೆ ತಂದವು. ಹೀಗೆ ರೈಲಿನ ಮುಂದಿದ್ದ ಚಕ್ರ ಮನೆಯ ಗ್ಯಾರೇಜಿಗೆ ಬಂತು.

ಜೊತೆಗೆ ಕಾನೂನೂ ಇದೆ. ಮನೆಯ ಮುಂದಿನ ಕಾಲುದಾರಿ ಸಾರ್ವಜನಿಕರದಾದರೂ ಅದರ ಹಿಮ ಎತ್ತುವ ಹೊಣೆ ಅನೇಕ ನಗರಗಳಲ್ಲಿ ಮನೆಯ ಮಾಲೀಕರದು. ಬಾಸ್ಟನ್ನಿನಲ್ಲಿ ಹಿಮ ನಿಂತ ಮೂರು ಗಂಟೆಯೊಳಗೆ ಅದನ್ನು ತೆರವುಗೊಳಿಸಬೇಕು. ರಾತ್ರಿ ಬಿದ್ದರೆ ಸೂರ್ಯೋದಯದಿಂದ ಮೂರು ಗಂಟೆ. ನ್ಯೂಯಾರ್ಕಿನಲ್ಲಿ ಹಗಲು ಹಿಮ ನಿಂತರೆ ನಾಲ್ಕು ಗಂಟೆಯ ಅವಧಿ. ತಪ್ಪಿದರೆ ದಂಡ. ಸಹಜವಾಗಿ ಬಿದ್ದ ಹಿಮದ ಮೇಲೆ ಯಾರಾದರೂ ಜಾರಿ ಬಿದ್ದರೆ ಆಸ್ತಿಯ ಮಾಲೀಕರು ಹೊಣೆಯಲ್ಲ ಎಂಬ ಹಳೆಯ ನಿಯಮವನ್ನು ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಅಂಚೆಯವರು ಜಾರಿ ಬಿದ್ದರೂ ಮೊಕದ್ದಮೆ ಮನೆಬಾಗಿಲಿಗೆ ಬರಬಹುದು.

ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವ ಮನೆಯಿಂದ ಹೋದವರಿಗೆ ಈ ನಿಯಮ ವಿಚಿತ್ರವೆನಿಸದು. ಗೇಟಿನಾಚೆಯ ನಾಲ್ಕಡಿ ನೆಲವನ್ನೂ ತಮ್ಮದೆಂದು ಗುಡಿಸುವುದು ಇಲ್ಲಿಯ ರೂಢಿ. ಅಲ್ಲಿ ಅದು ಕಾನೂನಿನ ಪುಸ್ತಕದಲ್ಲಿದೆ.

ಇನ್ನೊಂದು ಸಂಗತಿಯೂ ಇಲ್ಲಿಯವರಿಗೆ ಪರಿಚಿತವೆನಿಸೀತು. ಮೋರಿಯ ಹೂಳೆತ್ತಿ ಮನೆಯ ಮುಂದೆಯೇ ಗುಡ್ಡೆ ಹಾಕಿ ಹೋಗುವುದನ್ನು ಬೆಂಗಳೂರಿನವರು ಕಂಡಿದ್ದಾರೆ. ಅಲ್ಲಿ ರಸ್ತೆಯ ಹಿಮ ಸರಿಸುವ ಪಾಲಿಕೆಯ ವಾಹನ ಹಿಮವನ್ನೆಲ್ಲ ಅಂಚಿಗೆ ದೂಡುತ್ತದೆ. ಆಗತಾನೆ ಬಿಡಿಸಿಟ್ಟ ಡ್ರೈವ್‌ವೇಯ ಬಾಯಿಗೆ ಅಡ್ಡಲಾಗಿ ಕಲ್ಲಿನಂತೆ ಗಟ್ಟಿಯಾದ ದಿಬ್ಬವೊಂದು ಬಂದು ಕೂರುತ್ತದೆ. ಉಪ್ಪು, ಕೊಳೆ, ಗಡ್ಡೆಗಳು ಬೆರೆತ ಈ ದಿಬ್ಬವೇ ಇಡೀ ಕೆಲಸದ ಅತಿ ಕಷ್ಟದ ಭಾಗ. ಮೈ ದಣಿದ ಮೇಲೆ ಎದುರಾಗುವುದರಿಂದ ಅತಿ ಅಪಾಯದ ಭಾಗವೂ ಅದೇ.

ಎದೆ ಮತ್ತು ಬೆರಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಮಗ ಕಚೇರಿಗೆ ಹೊರಟಿದ್ದಾನೆ, ಸೊಸೆ ಬಾಣಂತಿ, ಮನೆಯಲ್ಲಿ ಅರವತ್ತೈದರ ತಂದೆ. ‘ನೀನು ಹೋಗಪ್ಪ, ನಾನು ಸ್ವಲ್ಪ ಎಳೆದು ಹಾಕ್ತೀನಿ’ ಎಂದು ಸಲಿಕೆ ಹಿಡಿಯುವುದು ನಮ್ಮ ಹಿರಿಯರ ಸ್ವಭಾವ. ಸುಮ್ಮನೆ ಕುಳಿತು ತಿನ್ನುವುದು ಅವರಿಗೆ ಒಗ್ಗದು. ಆದರೆ ಅಂಕಿಅಂಶಗಳು ಎಚ್ಚರಿಕೆ ಹೇಳುತ್ತವೆ.

1990ರಿಂದ 2006ರವರೆಗಿನ ಹದಿನೇಳು ವರ್ಷಗಳ ಮಾಹಿತಿ ಆಧರಿಸಿ 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಸಲಿಕೆಯಿಂದ ಹಿಮ ಎತ್ತುವಾಗ ತೊಂದರೆಗೊಳಗಾಗಿ ತುರ್ತು ಚಿಕಿತ್ಸೆಗೆ ಬಂದವರು ವರ್ಷಕ್ಕೆ ಸರಾಸರಿ 11,500 ಮಂದಿ. ಆ ಅವಧಿಯಲ್ಲಿ ದಾಖಲಾದ 1,647 ಸಾವುಗಳೆಲ್ಲ ಹೃದಯಕ್ಕೆ ಸಂಬಂಧಿಸಿದವು. ಸಿಕಾರ್‌ನ ನಾಡಾದ ಕ್ವಿಬೆಕ್‌ನಲ್ಲಿ 1981ರಿಂದ 2014ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನಷ್ಟು ಸ್ಪಷ್ಟವಾಗಿದೆ. 20 ಸೆಂಟಿಮೀಟರ್ ಹಿಮ ಬಿದ್ದ ಮರುದಿನ ಗಂಡಸರು ಹೃದಯಾಘಾತದಿಂದ ಆಸ್ಪತ್ರೆ ಸೇರುವ ಸಾಧ್ಯತೆ ಹಿಮವಿಲ್ಲದ ದಿನಕ್ಕಿಂತ ಶೇ 16ರಷ್ಟು, ಸಾಯುವ ಸಾಧ್ಯತೆ ಶೇ 34ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು.

ಕಾರಣ ಸರಳ. ಚಳಿಗೆ ರಕ್ತನಾಳಗಳು ಮುದುಡುತ್ತವೆ, ರಕ್ತದೊತ್ತಡ ಏರುತ್ತದೆ. ಕೆಲಸವೆಲ್ಲ ತೋಳಿನದು. ಭಾರ ಎತ್ತುವಾಗ ಅರಿವಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ. ಎದ್ದ ಕೂಡಲೇ, ಮೈ ಕಾಯುವ ಮೊದಲೇ ಈ ಶ್ರಮ. ಭಾರತೀಯ ಮೂಲದವರಲ್ಲಿ ಹೃದ್ರೋಗ ಉಳಿದವರಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ ಎಂಬುದು ವೈದ್ಯರು ಬಲ್ಲ ಸಂಗತಿ. ಸಕ್ಕರೆ ಕಾಯಿಲೆಯೂ ಸೇರಿದರೆ ಎದೆನೋವು ಸ್ಪಷ್ಟವಾಗಿ ತಿಳಿಯದೆಯೂ ಹೋಗಬಹುದು. ಪ್ರವಾಸಿಗರಿಗೆ ಸಿಗುವ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ಸಾಮಾನ್ಯವಾಗಿ ಪೂರ್ಣ ರಕ್ಷಣೆ ಇರುವುದಿಲ್ಲ ಎಂಬುದನ್ನೂ ಮರೆಯಬಾರದು.

ಹಾಗಾದರೆ ಯಂತ್ರ ಸುರಕ್ಷಿತವೇ? ಎದೆಗೆ ಸ್ವಲ್ಪ ಹಗುರ, ನಿಜ. ಆದರೂ ಚಳಿ ಚಳಿಯೇ, ಭಾರದ ಯಂತ್ರವನ್ನು ತಿರುಗಿಸುವುದೂ ಶ್ರಮವೇ. ಮತ್ತೊಂದು ಅಪಾಯ ಬೆರಳಿಗೆ. ಯಂತ್ರದ ಮುಂಭಾಗದಲ್ಲಿ ತಿರುಪಿನಾಕಾರದ ಅಲಗು ಹಿಮವನ್ನು ನಡುವಿಗೆ ಎಳೆಯುತ್ತದೆ. ದೊಡ್ಡ ಯಂತ್ರಗಳಲ್ಲಿ ಅದರ ಹಿಂದೆ ಫ್ಯಾನಿನಂಥ ಇನ್ನೊಂದು ಚಕ್ರವಿದ್ದು, ಹಿಮವನ್ನು ಕೊಳವೆಯ ಮೂಲಕ ಎಸೆಯುತ್ತದೆ. ಒದ್ದೆ ಹಿಮ ಈ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿದ್ದೇನಲ್ಲ ಎಂದು ಕೈ ಹಾಕಿದರೆ ಕೆಟ್ಟಿತು. ಬೆಲ್ಟಿನಲ್ಲೂ ಅಲಗಿನಲ್ಲೂ ಉಳಿದಿರುವ ಬಿಗಿತ, ಅಡ್ಡವಾಗಿದ್ದ ಹಿಮ ಸರಿದೊಡನೆ ಅಲಗನ್ನು ಅರೆಸುತ್ತು ತಿರುಗಿಸಬಲ್ಲದು. ಬೆರಳು ಹೋಗಲು ಅಷ್ಟು ಸಾಕು. ಹಳ್ಳಿಗಳಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ, ಬೀದಿಯಲ್ಲಿ ಕಬ್ಬಿನ ಹಾಲಿನ ಗಾಣಕ್ಕೆ ಬೆರಳು ಕೊಟ್ಟವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಗೆ ಚೀಲ ತೊಟ್ಟಿದ್ದರೂ ಪ್ರಯೋಜನವಿಲ್ಲ. ಎಂಜಿನ್ ಆರಿಸಿ, ಅಲಗು ನಿಂತ ಮೇಲೆ, ಕೋಲಿನಿಂದಲೇ ಬಿಡಿಸಬೇಕು. ಈಚಿನ ಯಂತ್ರಗಳಿಗೆ ಇದಕ್ಕೆಂದೇ ಒಂದು ಪ್ಲಾಸ್ಟಿಕ್ ಕೋಲು ಸಿಕ್ಕಿಸಿರುತ್ತಾರೆ. ಹಿಡಿಕೆ ಬಿಟ್ಟರೆ ಅಲಗು ನಿಲ್ಲುವಂಥ ವ್ಯವಸ್ಥೆಯೂ ಇರುತ್ತದೆ. ಅದನ್ನು ದಾರದಿಂದ ಕಟ್ಟಿ ನಿಷ್ಕ್ರಿಯಗೊಳಿಸುವುದು ಅಪಾಯವನ್ನು ಕರೆದಂತೆ. ಪೆಟ್ರೋಲ್ ಯಂತ್ರವನ್ನು ಮುಚ್ಚಿದ ಗ್ಯಾರೇಜಿನೊಳಗೆ ಚಾಲೂ ಮಾಡಿದರೆ ವಿಷಾನಿಲ ಮನೆಯೊಳಕ್ಕೂ ಹಬ್ಬುತ್ತದೆ.

ಒಂದೂವರೆ ಶತಮಾನದಲ್ಲಿ ಹಿಮ ಎತ್ತುವ ಕೆಲಸ ಕೂಲಿಯಿಂದ ರೈಲಿಗೆ, ರೈಲಿನಿಂದ ಪಾಲಿಕೆಗೆ, ಅಲ್ಲಿಂದ ಗೃಹಸ್ಥರ ಹೆಗಲಿಗೆ ಬಂದಿದೆ. ದಂತವೈದ್ಯನೂ ಹೈನುಗಾರನ ಮಗನೂ ಯೋಚಿಸಿದ್ದು ಮನುಷ್ಯನ ಬೆನ್ನು ಉಳಿಸಲು. ಆದರೆ ಯಂತ್ರ ಚಿಕ್ಕದಾಗಿ ಮನೆಗೆ ಬಂದಾಗ ಅದರೊಂದಿಗೆ ಹೊಣೆಯೂ ಬಂತು. ಬೆಳಕು ಹರಿಯುವ ಮೊದಲೇ ಎದ್ದು, ಮೂರು ಪದರ ಬಟ್ಟೆ ತೊಟ್ಟು ಅಂಗಳಕ್ಕಿಳಿಯುವ ಮಗನೋ ಮಗಳೋ ಬೆಂಗಳೂರಿನ ಫೋನಿನಲ್ಲಿ ‘ಸ್ವಲ್ಪ ಸ್ನೋ ಇದೆ ಅಮ್ಮ’ ಎಂದಷ್ಟೇ ಹೇಳುತ್ತಾರೆ. ಆ ‘ಸ್ವಲ್ಪ’ ಕೆಲವೊಮ್ಮೆ ಐದು ಟನ್ ಎಂಬುದು ಅಲ್ಲಿಗೆ ಹೋದಾಗಲೇ ತಿಳಿಯುವುದು.

ಚಳಿಗಾಲದಲ್ಲಿ ಬಾಣಂತನಕ್ಕೆ ಹೊರಡುವವರು ಲೇಹ್ಯದ ಡಬ್ಬದ ಜೊತೆ ವೈದ್ಯರ ಸಲಹೆ, ಔಷಧಿ ಚೀಟಿ, ಅಡಿಯಲ್ಲಿ ಹಿಡಿತವಿರುವ ಬೂಟು ಇಟ್ಟುಕೊಳ್ಳುವುದು ಒಳ್ಳೆಯದು. ಸಲಿಕೆಯನ್ನೂ ಯಂತ್ರವನ್ನೂ ಮಕ್ಕಳಿಗೆ ಬಿಡಬೇಕು. ಮಕ್ಕಳೂ ಅಪ್ಪನ ಒತ್ತಾಯಕ್ಕೆ ಮಣಿಯಬಾರದು. ಕೆಲಸ ಮಾಡಲೇಬೇಕು ಎನ್ನುವ ಹಿರಿಯರಿಗೂ ಒಂದು ಕೆಲಸವಿದೆ. ಹೊರಗಿರುವವರನ್ನು ಕಿಟಕಿಯಿಂದ ಆಗಾಗ ಗಮನಿಸುತ್ತಿರುವುದು, ಹದಿನೈದು ನಿಮಿಷಕ್ಕೊಮ್ಮೆ ಒಳಕ್ಕೆ ಕರೆಯುವುದು, ಬಂದವರ ಕೈಗೆ ಬಿಸಿ ಕಾಫಿ ಕೊಡುವುದು.